ಅಂತರಜಾಲದ ಅಂಚೆಯನ್ನು ಮನೆಯ ಗಣಕಯಂತ್ರಕ್ಕೆ ತರುವ ಬಗೆ

ಪೀಠಿಕೆ

ಕೋಲ್ಕತ್ತ ನಗರದ ಸಂಪರ್ಕ ಚರಿತ್ರೆಯಲ್ಲಿ 1995ನೆಯ ಇಸವಿ ಸ್ಮರಣೀಯವಾದುದು. ಆ ವರ್ಷದ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿ, ದೇಶದ ಪ್ರಥಮ ಮೊಬೈಲ್ ದೂರವಾಣಿ ಕರೆಯನ್ನು ಮಾಡಿದರು. ಅದಾದ ಹದಿನೈದು ದಿನಗಳಲ್ಲಿಯೇ, ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ಆ ಸೇವೆ ಮೊದಲಿಗೆ ದೊರೆತ ಕೆಲವೇ ನಗರಗಳಲ್ಲಿ ಅಂದಿನ ಕಲ್ಕತ್ತೆಯೂ ಒಂದಾಗಿತ್ತು. ಅದಕ್ಕೂ ಸುಮಾರು ಒಂದೂವರೆ ಶತಮಾನದ ಹಿಂದೆ, 1850-51ರಲ್ಲಿ, ಭಾರತದ ಮೊದಲ ವಿದ್ಯುತ್ ತಂತಿ ಮಾರ್ಗವು ಇದೇ ನಗರದಿಂದ ಡೈಮಂಡ್ ಹಾರ್ಬರ್‌ಗೆ ಸಾಗಿತ್ತು. ಆ ತಂತಿ ಸೇವೆ 2013ರ ಜುಲೈಯಲ್ಲಿ ಮುಕ್ತಾಯವಾಯಿತು. ವಿದೇಶ ಸಂಚಾರ ನಿಗಮದ ಆಡಳಿತವು 2002ರಲ್ಲಿ ಟಾಟಾ ಸಮೂಹಕ್ಕೆ ಸೇರಿತು. 2008ರಲ್ಲಿ ಅದರ ಹೆಸರೂ ಬದಲಾಯಿತು. ನಿಗಮವು ಮೊದಲು ನೀಡಿದ ಉದ್ದುದ್ದನೆಯ ಅಂಚೆ ವಿಳಾಸಗಳು ಕ್ರಮೇಣ ಬಳಕೆಯಿಂದ ಮರೆಯಾದವು.

ಸೇವೆಗಳು ಹುಟ್ಟುತ್ತವೆ, ಬೆಳೆಯುತ್ತವೆ, ಮುಗಿಯುತ್ತವೆ. ಆದರೆ ಅವುಗಳ ಮೂಲಕ ಬಂದ ಪತ್ರಗಳು ಸೇವೆಯೊಡನೆ ಮುಗಿಯಬೇಕಾಗಿಲ್ಲ. ತಂತಿಯ ಕಾಗದವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟವರ ಮನೆಯಲ್ಲಿ ಅದು ಇಂದಿಗೂ ಇದೆ. ವಿದ್ಯುನ್ಮಾನ ಅಂಚೆಯ ವಿಷಯದಲ್ಲಿಯೂ, ಅಂದರೆ ಇ-ಮೇಲ್‌ನ ವಿಷಯದಲ್ಲಿಯೂ, ಹಾಗೆ ಜೋಪಾನ ಮಾಡಲು ಸಾಧ್ಯವಿದೆ. ಜಾಲತಾಣದಲ್ಲಿರುವ ನಮ್ಮ ಅಂಚೆ ಖಾತೆಯನ್ನು ಮನೆಯ ಗಣಕಯಂತ್ರದ ಅಂಚೆ ತಂತ್ರಾಂಶಕ್ಕೆ ಜೋಡಿಸುವುದು ಹೇಗೆ, ಜೋಡಿಸುವಾಗ ಯಾವ ತಪ್ಪು ಮಾಡಬಾರದು ಎಂಬುದನ್ನು ವಿವರಿಸುವುದು ಈ ಪಾಠದ ಉದ್ದೇಶ.

ಹಿಂದಿನ ಪದ್ಧತಿ, ಇಂದಿನ ಪದ್ಧತಿ

1995ರಲ್ಲಿ ಅಂತರಜಾಲ ಸಂಪರ್ಕವೆಂದರೆ ದೂರವಾಣಿ ತಂತಿಯ ಮೂಲಕ, ಮೋಡೆಮ್ ಎಂಬ ಉಪಕರಣದ ಕೂಗಾಟದೊಡನೆ ದೊರೆಯುತ್ತಿದ್ದ ಸಂಪರ್ಕ. ಅದರ ವೇಗ ಸೆಕೆಂಡಿಗೆ ಸುಮಾರು 9.6 ಕಿಲೋಬಿಟ್. ಬಳಸಿದ ಗಂಟೆಗಳಿಗೆ ಲೆಕ್ಕವಿತ್ತು. ದೂರವಾಣಿಯ ಬಿಲ್ಲು ಅದರ ಮೇಲೆ ಬೇರೆಯಾಗಿ ಬರುತ್ತಿತ್ತು. ಆದ್ದರಿಂದ ಜನರು ಸಂಪರ್ಕ ಸಾಧಿಸಿ, ಬಂದ ಪತ್ರಗಳನ್ನೆಲ್ಲ ಒಮ್ಮೆಗೇ ಗಣಕಯಂತ್ರಕ್ಕೆ ಇಳಿಸಿಕೊಂಡು, ಕೂಡಲೇ ಸಂಪರ್ಕ ಕಡಿದು, ಬಳಿಕ ನಿಧಾನವಾಗಿ ಓದುತ್ತಿದ್ದರು. ಉತ್ತರಗಳನ್ನು ಬರೆದಿಟ್ಟುಕೊಂಡು ಮುಂದಿನ ಸಂಪರ್ಕದಲ್ಲಿ ಕಳುಹಿಸುತ್ತಿದ್ದರು. ಇದಕ್ಕಾಗಿ ಯುಡೋರಾ, ಅನಂತರ ಔಟ್‌ಲುಕ್ ಎಕ್ಸ್‌ಪ್ರೆಸ್ ಮೊದಲಾದ ತಂತ್ರಾಂಶಗಳು ಬಳಕೆಯಲ್ಲಿದ್ದವು. ಮಿತವ್ಯಯಕ್ಕಾಗಿ ಅನುಸರಿಸಿದ ಈ ಪದ್ಧತಿಯಿಂದ ಒಂದು ಲಾಭ ತಾನಾಗಿಯೇ ಒದಗುತ್ತಿತ್ತು: ಪತ್ರಗಳು ಓದುಗನ ಮನೆಯಲ್ಲಿಯೇ ಇರುತ್ತಿದ್ದವು.

1996ರ ಜುಲೈ 4ರಂದು ಹಾಟ್‌ಮೇಲ್ ಆರಂಭವಾಯಿತು. ಅದರ ಸ್ಥಾಪಕರಿಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಯಾವ ಊರಿನಲ್ಲಿ, ಯಾವ ಗಣಕಯಂತ್ರದ ಮುಂದೆ ಕುಳಿತರೂ ಬ್ರೌಸರ್ ಒಂದಿದ್ದರೆ ಅಂಚೆ ಓದಬಹುದೆಂಬುದು ಅದರ ಹೆಚ್ಚುಗಾರಿಕೆ. ಸ್ವಂತ ಗಣಕಯಂತ್ರವಿಲ್ಲದೆ ಸೈಬರ್ ಕೆಫೆಗಳನ್ನು ನಂಬಿದ್ದವರಿಗೆ ಇದು ವರವಾಯಿತು. 2004ರ ಏಪ್ರಿಲ್ 1ರಂದು ಒಂದು ಗಿಗಾಬೈಟ್ ಸ್ಥಳಾವಕಾಶದೊಡನೆ ಜಿಮೇಲ್ ಬಂದ ಮೇಲೆ ಪತ್ರಗಳನ್ನು ಅಳಿಸುವ ಅಗತ್ಯವೇ ಇಲ್ಲವೆಂಬ ಭಾವನೆ ಹರಡಿತು. ಮನೆಯ ಪೆಟ್ಟಿಗೆಯಲ್ಲಿದ್ದ ಪತ್ರಗಳು ಹೀಗೆ ಸಂಸ್ಥೆಯ ಉಗ್ರಾಣಕ್ಕೆ ಸೇರಿದವು.

ಈ ಅನುಕೂಲವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಜಾಲತಾಣದ ಖಾತೆ ಅಲ್ಲಿಯೇ ಇರಲಿ. ಅದರ ಪತ್ರಗಳ ಒಂದು ಪ್ರತಿ ಮನೆಯಲ್ಲಿಯೂ ಇರಲಿ ಎಂಬುದಷ್ಟೇ ಇಲ್ಲಿಯ ಸಲಹೆ.

ಮನೆಯಲ್ಲಿ ಪ್ರತಿ ಏಕೆ ಬೇಕು?

ಮೊದಲನೆಯ ಕಾರಣ, ಸಂಪರ್ಕ ಕಡಿದಾಗಲೂ ಪತ್ರಗಳು ಕೈಗೆ ಸಿಗಬೇಕು. 2020ರ ಮೇ 20ರಂದು ಅಂಫಾನ್ ಚಂಡಮಾರುತವು ಪಶ್ಚಿಮ ಬಂಗಾಳವನ್ನು ಅಪ್ಪಳಿಸಿತು. ಕೋಲ್ಕತ್ತದಲ್ಲಿ ಸಾವಿರಾರು ಮರಗಳು ಉರುಳಿದವು. ಅನೇಕ ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ತಾಗಲಿ ಅಂತರಜಾಲವಾಗಲಿ ಇರಲಿಲ್ಲ. ಸಾಂಕ್ರಾಮಿಕದ ನಿಮಿತ್ತ ಕಚೇರಿಗಳು ಮುಚ್ಚಿದ್ದು, ಜನರು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ಇಂತಹ ಸಮಯದಲ್ಲಿ ವಿಮೆಯ ಸಂಖ್ಯೆಯೋ, ಪ್ರಯಾಣದ ಚೀಟಿಯೋ, ವೈದ್ಯರು ಕಳುಹಿಸಿದ ಔಷಧದ ಪಟ್ಟಿಯೋ ಬೇಕಾದರೆ, ಬ್ರೌಸರ್ ಒಂದನ್ನೇ ನಂಬಿದವರಿಗೆ ದಾರಿಯಿಲ್ಲ. ಪತ್ರಗಳು ಮಡಿಲ ಗಣಕದಲ್ಲಿಯೇ ಇದ್ದವರು ಅದರ ಬ್ಯಾಟರಿ ಇರುವಷ್ಟು ಹೊತ್ತು ಅವುಗಳನ್ನು ಓದಬಹುದು.

ಎರಡನೆಯ ಕಾರಣ, ಖಾತೆಯೇ ಇಲ್ಲವಾಗಬಹುದು. ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅವುಗಳಲ್ಲಿರುವ ಪತ್ರಗಳ ಸಹಿತ ಅಳಿಸಿಹಾಕಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆಯು 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಪಾಸ್‌ವರ್ಡ್ ಮರೆತವರು, ಹಳೆಯ ಮೊಬೈಲ್ ಸಂಖ್ಯೆಯನ್ನು ಕಳೆದುಕೊಂಡವರು, ವಂಚಕರ ಕೈಗೆ ಖಾತೆ ಸಿಕ್ಕಿದವರು ಕೂಡ ತಮ್ಮ ಪತ್ರಗಳಿಂದ ದೂರವಾಗುತ್ತಾರೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಪಾಸ್‌ವರ್ಡ್ ಯಾರಿಗೂ ತಿಳಿಯದೆ, ಬೇಕಾದ ಕಾಗದಪತ್ರಗಳಿಗಾಗಿ ಪರದಾಡುವ ಕುಟುಂಬಗಳೂ ಉಂಟು.

ಮೂರನೆಯ ಕಾರಣವನ್ನು ಕೋಲ್ಕತ್ತದ ಒಂದು ಸಂಸ್ಥೆಯೇ ನಮಗೆ ಕಲಿಸುತ್ತದೆ. ಅಲಿಪುರದ ಬೆಲ್ವೆಡೇರ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ಗ್ರಂಥಗಳ ವಿಭಾಗವೊಂದಿದೆ. ಪುಸ್ತಕ ಸಲ್ಲಿಕೆಯ ಕುರಿತು 1954ರಲ್ಲಿ ಆದ ಅಧಿನಿಯಮದ ಪ್ರಕಾರ ದೇಶದ ಪ್ರತಿಯೊಬ್ಬ ಪ್ರಕಾಶಕನೂ ತನ್ನ ಪುಸ್ತಕದ ಒಂದು ಪ್ರತಿಯನ್ನು ಈ ಗ್ರಂಥಾಲಯಕ್ಕೂ, ಒಂದೊಂದು ಪ್ರತಿಯನ್ನು ಚೆನ್ನೈ, ಮುಂಬಯಿ, ದೆಹಲಿಗಳ ಗೊತ್ತಾದ ಗ್ರಂಥಾಲಯಗಳಿಗೂ ಕಳುಹಿಸತಕ್ಕದ್ದು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಅಚ್ಚಾದ ಪುಸ್ತಕ ಹೂಗ್ಲಿ ನದಿಯ ತೀರದಲ್ಲಿಯೂ ಇರಬೇಕೆಂಬುದರ ಅರ್ಥವೇನು? ಒಂದು ಊರಿಗೆ ಒದಗಿದ ಆಪತ್ತು ಪುಸ್ತಕದ ಎಲ್ಲ ಪ್ರತಿಗಳಿಗೂ ಒದಗಬಾರದು ಎಂಬುದೇ. ಅಂಫಾನ್ ಬಂದುಹೋದ ಮರುದಿನ ಇದೇ ನಗರದ ಕಾಲೇಜ್ ಸ್ಟ್ರೀಟ್‌ನಲ್ಲಿ, ಬಂಗಾಳಿಗಳು ಪುಸ್ತಕಗಳ ಕೇರಿಯೆಂದು ಕರೆಯುವ ಆ ಬೀದಿಯಲ್ಲಿ, ಪುಸ್ತಕಗಳು ಮಳೆಯ ನೀರಿನಲ್ಲಿ ತೇಲುತ್ತಿದ್ದ ಚಿತ್ರಗಳನ್ನು ಅನೇಕರು ನೋಡಿರಬಹುದು. ಒಂದೇ ಕಡೆ ಇರುವುದು ಒಂದೇ ಏಟಿಗೆ ಹೋಗುತ್ತದೆ. ಪುಸ್ತಕಕ್ಕೆ ಸಲ್ಲುವ ಈ ನೀತಿ ಪತ್ರಕ್ಕೂ ಸಲ್ಲುತ್ತದೆ.

ತಿಳಿದಿರಬೇಕಾದ ಮೂರು ಹೆಸರುಗಳು

ಜೋಡಣೆಯ ವೇಳೆ ಮೂರು ಹೆಸರುಗಳು ಎದುರಾಗುತ್ತವೆ: ಎಸ್‌ಎಂಟಿಪಿ, ಪಾಪ್ ಮತ್ತು ಐಮ್ಯಾಪ್. ಇವು ಅಂಚೆಯ ಸಾಗಣೆಗೆ ಸಂಬಂಧಿಸಿದ ನಿಯಮಾವಳಿಗಳು. ಕೋಲ್ಕತ್ತದ ಪ್ರಧಾನ ಅಂಚೆ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇವುಗಳ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. 1868ರಲ್ಲಿ ಪೂರ್ಣಗೊಂಡ, ಎತ್ತರವಾದ ಗುಮ್ಮಟದ ಆ ಕಟ್ಟಡದಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಅಂಚೆ ಪೆಟ್ಟಿಗೆ ಇದೆಯೆಂದು ಭಾವಿಸಿರಿ.

ಎಸ್‌ಎಂಟಿಪಿ ಎಂಬುದು ಪತ್ರವನ್ನು ಹೊರಗೆ ಕಳುಹಿಸುವ ವ್ಯವಸ್ಥೆ. ರಸ್ತೆಯ ಬದಿಯ ಕೆಂಪು ಡಬ್ಬಿಯಲ್ಲಿ ಲಕೋಟೆ ಹಾಕಿದಂತೆ. ನಿಮಗೆ ಬಂದ ಪತ್ರಗಳಿಗೂ ಇದಕ್ಕೂ ಸಂಬಂಧವಿಲ್ಲ.

ಪಾಪ್ ಎಂಬುದು ಪೆಟ್ಟಿಗೆಯ ಬೀಗ ತೆಗೆದು, ಅಲ್ಲಿರುವ ಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ತರುವ ವ್ಯವಸ್ಥೆ. ಬೇರೆ ಸೂಚನೆ ಕೊಡದಿದ್ದರೆ, ತಕ್ಷಣವೋ ಕೆಲವು ದಿನಗಳ ಬಳಿಕವೋ, ಪೆಟ್ಟಿಗೆ ಬರಿದಾಗುವುದುಂಟು. ಸಾಮಾನ್ಯವಾಗಿ ಒಳಬಂದ ಪತ್ರಗಳನ್ನು ಮಾತ್ರ ಇದು ತರುತ್ತದೆ. ನೀವು ವಿಂಗಡಿಸಿಟ್ಟ ಇತರ ಕಡತಕೋಶಗಳನ್ನು ತರುವುದಿಲ್ಲ.

ಐಮ್ಯಾಪ್ ಎಂಬುದು ಪತ್ರಗಳನ್ನು ಅಂಚೆ ಕಚೇರಿಯ ಕಪಾಟಿನಲ್ಲಿಯೇ ಬಿಟ್ಟು, ಅವುಗಳ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳುವ ವ್ಯವಸ್ಥೆ. ಮನೆಯಲ್ಲಿ ಒಂದು ಪತ್ರವನ್ನು ಓದಿದರೆ ಅಲ್ಲಿಯೂ ಓದಿದ ಗುರುತು ಬೀಳುತ್ತದೆ. ಅಲ್ಲಿ ವಿಂಗಡಿಸಿದರೆ ಇಲ್ಲಿಯೂ ವಿಂಗಡಣೆಯಾಗುತ್ತದೆ. ಮೊಬೈಲ್, ಕಚೇರಿಯ ಗಣಕಯಂತ್ರ, ಮನೆಯ ಗಣಕಯಂತ್ರ ಮೂರರಲ್ಲಿಯೂ ಒಂದೇ ಚಿತ್ರ ಕಾಣುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು: ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ.

ಇಂದಿನ ಬಹುಪಾಲು ಬಳಕೆದಾರರಿಗೆ ಐಮ್ಯಾಪ್ ಸೂಕ್ತ. ಪಾಪ್ ಆರಿಸಿಕೊಳ್ಳುವವರು ಮುಂದೆ ಹೇಳಿರುವ ಎಚ್ಚರಿಕೆಯನ್ನು ಅವಶ್ಯವಾಗಿ ಪಾಲಿಸಬೇಕು.

ಜೋಡಣೆಗೆ ಮುನ್ನ ಸಿದ್ಧತೆ

ವಿವರಣೆಗಾಗಿ ಇಲ್ಲಿ ಥಂಡರ್‌ಬರ್ಡ್ ಎಂಬ ತಂತ್ರಾಂಶವನ್ನು ಆರಿಸಿಕೊಳ್ಳಲಾಗಿದೆ. 2004ರ ಡಿಸೆಂಬರ್‌ನಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಇದು ಉಚಿತ; ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಬೇರೆ ತಂತ್ರಾಂಶಗಳಲ್ಲಿಯೂ ಕ್ರಮ ಹೆಚ್ಚು ಕಡಿಮೆ ಇದೇ. ಆದರೆ ಗಣಕಯಂತ್ರದಲ್ಲಿ ಕಾಣುವ ಎಲ್ಲ ತಂತ್ರಾಂಶಗಳೂ ಪತ್ರಗಳನ್ನು ಮನೆಯಲ್ಲಿಯೇ ಇಡುವುದಿಲ್ಲ. ಕೆಲವು ನಿಮ್ಮ ಅಂಚೆಯನ್ನು ತಮ್ಮ ಸಂಸ್ಥೆಯ ಸರ್ವರ್ ಮೂಲಕವೇ ಹಾಯಿಸುತ್ತವೆ. ಆದ್ದರಿಂದ ಒಪ್ಪಿಗೆ ಕೇಳುವ ಸೂಚನೆಯನ್ನು ಓದಿದ ಬಳಿಕವೇ ಒತ್ತತಕ್ಕದ್ದು.

ಮೊದಲು ಈ ನಾಲ್ಕು ವಿಷಯಗಳನ್ನು ನೋಡಿಕೊಳ್ಳಿರಿ.

1. ಗಣಕಯಂತ್ರ ನಿಮ್ಮದೇ ಆಗಿರಲಿ. ಸೈಬರ್ ಕೆಫೆ, ನೆರೆಮನೆ ಅಥವಾ ಹಲವರು ಬಳಸುವ ಯಂತ್ರದಲ್ಲಿ ಖಾತೆಯನ್ನು ಜೋಡಿಸಬಾರದು. ಸ್ವಂತ ಯಂತ್ರಕ್ಕೂ ಪಾಸ್‌ವರ್ಡಿನ ಕಾವಲು ಇರಲಿ. ಏಕೆಂದರೆ ಪತ್ರಗಳು ಇನ್ನು ಅದರೊಳಗೇ ಇರುತ್ತವೆ.

2. ಡಿಸ್ಕಿನಲ್ಲಿ ಸ್ಥಳವಿರಲಿ. ಗೂಗಲ್ ಖಾತೆಯಲ್ಲಿ ಉಚಿತವಾಗಿ ದೊರೆಯುವ ಸ್ಥಳ 15 ಗಿಗಾಬೈಟ್. ಖಾತೆ ತುಂಬುತ್ತ ಬಂದಿದ್ದರೆ ಅಷ್ಟು ಅಂಚೆ ಇಳಿಯಲು ಹಲವು ಗಂಟೆಗಳು ಬೇಕಾದೀತು.

3. ಜಾಲತಾಣದ ಖಾತೆಯಲ್ಲಿ ಅನುಮತಿ ಇರಲಿ. ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ ಐಮ್ಯಾಪ್ 2025ರ ಜನವರಿಯಿಂದ ಸದಾ ತೆರೆದೇ ಇರುತ್ತದೆ. ಪಾಪ್ ಬೇಕಾದರೆ ಜಿಮೇಲ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಅದನ್ನು ತೆರೆಯಬೇಕು. ಮೈಕ್ರೋಸಾಫ್ಟಿನ ಔಟ್‌ಲುಕ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿಯೂ ಇಂತಹ ಅನುಮತಿಯನ್ನು ಪರಿಶೀಲಿಸಬೇಕು.

4. ಸರ್ಕಾರಿ ಅಥವಾ ಸಂಸ್ಥೆಯ ಅಂಚೆ ಖಾತೆಯನ್ನು ಮನೆಯ ಗಣಕಯಂತ್ರಕ್ಕೆ ಜೋಡಿಸುವ ಮುನ್ನ ಆಯಾ ಕಚೇರಿಯ ನಿಯಮವನ್ನು ವಿಚಾರಿಸತಕ್ಕದ್ದು. ಈ ಪಾಠದ ಸೂಚನೆಗಳು ವೈಯಕ್ತಿಕ ಖಾತೆಗಳಿಗೆ ಮಾತ್ರ.

ಜೋಡಣೆಯ ಕ್ರಮ

1. ಥಂಡರ್‌ಬರ್ಡ್‌ನ ಅಧಿಕೃತ ಜಾಲತಾಣದಿಂದಲೇ ತಂತ್ರಾಂಶವನ್ನು ಇಳಿಸಿಕೊಂಡು ಸ್ಥಾಪಿಸಿರಿ. ಇತರರು ಕಳುಹಿಸಿದ ಕೊಂಡಿಯನ್ನು ಒತ್ತಿ ಇಳಿಸಿಕೊಳ್ಳಬಾರದು.

2. ಮೊದಲ ಬಾರಿ ತೆರೆದಾಗ ತಂತ್ರಾಂಶವು ನಿಮ್ಮ ಹೆಸರನ್ನೂ ಅಂಚೆ ವಿಳಾಸವನ್ನೂ ಕೇಳುತ್ತದೆ. ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. ಪತ್ರ ತಲುಪಿದವರಿಗೆ ಅದೇ ಹೆಸರು ಕಾಣುತ್ತದೆ. ವಿಳಾಸದಲ್ಲಿ ಒಂದು ಅಕ್ಷರವೂ ತಪ್ಪದಂತೆ ನೋಡಿಕೊಳ್ಳಿರಿ.

3. ಮುಂದುವರಿಸುವ ಗುಂಡಿಯನ್ನು ಒತ್ತಿದರೆ, ಹೆಸರಾಂತ ಸೇವೆಗಳ ಸರ್ವರ್ ವಿವರಗಳನ್ನು ತಂತ್ರಾಂಶವು ತಾನೇ ಹುಡುಕಿಕೊಳ್ಳುತ್ತದೆ. ಐಮ್ಯಾಪ್, ಪಾಪ್ ಎರಡೂ ಕಾಣಿಸಿದಲ್ಲಿ ಐಮ್ಯಾಪ್ ಆರಿಸಿರಿ.

4. ಜಿಮೇಲ್ ಖಾತೆಯಾದರೆ ಗೂಗಲ್ ಸಂಸ್ಥೆಯ ಪ್ರವೇಶ ಪುಟ ತೆರೆಯುತ್ತದೆ. ಪಾಸ್‌ವರ್ಡನ್ನು ಆ ಪುಟದಲ್ಲಿಯೇ ಕೊಡಬೇಕು. ಎರಡು ಹಂತದ ಪರಿಶೀಲನೆ ಇದ್ದರೆ ಮೊಬೈಲಿಗೆ ಬರುವ ಪ್ರಶ್ನೆಗೂ ಉತ್ತರಿಸಬೇಕು. ಕೊನೆಯಲ್ಲಿ, ಥಂಡರ್‌ಬರ್ಡ್ ನಿಮ್ಮ ಅಂಚೆಯನ್ನು ಓದಲು, ಕಳುಹಿಸಲು ಮತ್ತು ಅಳಿಸಲು ಅನುಮತಿ ಕೋರುತ್ತದೆ. ಇದು ಅದರ ಕೆಲಸಕ್ಕೆ ಅವಶ್ಯವಾದ ಅನುಮತಿ, ಒಪ್ಪಿಗೆ ನೀಡಿರಿ.

5. ಎಡಬದಿಯಲ್ಲಿ ನಿಮ್ಮ ಖಾತೆಯ ಹೆಸರೂ ಅದರ ಕೆಳಗೆ ಕಡತಕೋಶಗಳೂ ಕಾಣಿಸಿಕೊಳ್ಳುತ್ತವೆ. ಪತ್ರಗಳು ಇಳಿಯಲಾರಂಭಿಸುತ್ತವೆ. ಎಲ್ಲವೂ ಇಳಿಯುವ ತನಕ ತಾಳ್ಮೆಯಿರಲಿ.

ತಾನಾಗಿ ಜೋಡಣೆ ಆಗದಿದ್ದರೆ

ಕೆಲವು ಸೇವೆಗಳ ವಿವರ ತಂತ್ರಾಂಶಕ್ಕೆ ದೊರೆಯದಿರಬಹುದು. ಆಗ ಕೈಯಾರೆ ತುಂಬಬೇಕು. ಜಿಮೇಲ್‌ಗೆ ಸಂಬಂಧಿಸಿದ ವಿವರಗಳನ್ನು ಮಾದರಿಗಾಗಿ ಕೊಡಲಾಗಿದೆ. ‘ಡಾಟ್’ ಎಂದಿರುವಲ್ಲಿ ಚುಕ್ಕೆ ಇಟ್ಟು, ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಡೆಬಿಡದೆ ಬರೆಯಬೇಕು.

ಒಳಬರುವ ಅಂಚೆ, ಐಮ್ಯಾಪ್: ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ ಸಂಖ್ಯೆ 993, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್.

ಒಳಬರುವ ಅಂಚೆ, ಪಾಪ್: ಪಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ ಸಂಖ್ಯೆ 995, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್.

ಹೊರಹೋಗುವ ಅಂಚೆ: ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ ಸಂಖ್ಯೆ 465 ಮತ್ತು ಎಸ್‌ಎಸ್‌ಎಲ್/ಟಿಎಲ್‌ಎಸ್, ಅಥವಾ ಪೋರ್ಟ್ ಸಂಖ್ಯೆ 587 ಮತ್ತು ಸ್ಟಾರ್ಟ್‌ಟಿಎಲ್‌ಎಸ್.

ಪೋರ್ಟ್ ಎಂಬುದು ಅಂಚೆ ಕಚೇರಿಯ ಕೌಂಟರಿನ ಸಂಖ್ಯೆಯಿದ್ದಂತೆ. ಕೌಂಟರು ತಪ್ಪಿದರೆ ಕೆಲಸವಾಗದು. ಬಳಕೆದಾರರ ಹೆಸರೆಂದು ಕೇಳಿದಲ್ಲಿ ಪೂರ್ಣ ಅಂಚೆ ವಿಳಾಸವನ್ನೇ ಕೊಡಬೇಕು. ಪತ್ರಗಳು ಬರುತ್ತಿದ್ದು ಹೋಗುವುದಿಲ್ಲವಾದರೆ, ದೋಷ ಹೊರಹೋಗುವ ಅಂಚೆಯ ವಿವರದಲ್ಲಿದೆಯೆಂದು ತಿಳಿಯಬೇಕು. ಬೇರೆ ಸೇವೆಯವರು ತಮ್ಮ ಸರ್ವರಿನ ಹೆಸರನ್ನು ತಮ್ಮ ಸಹಾಯ ಪುಟದಲ್ಲಿ ಪ್ರಕಟಿಸಿರುತ್ತಾರೆ.

ಪಾಸ್‌ವರ್ಡ್ ಒಪ್ಪದಿದ್ದರೆ

ಬ್ರೌಸರ್‌ನಲ್ಲಿ ಒಪ್ಪುವ ಪಾಸ್‌ವರ್ಡನ್ನು ತಂತ್ರಾಂಶವು ತಪ್ಪೆಂದು ಹೇಳುವುದು ಅನೇಕರನ್ನು ಗಾಬರಿಗೊಳಿಸುತ್ತದೆ. ಪಾಸ್‌ವರ್ಡ್ ತಪ್ಪಾಗಿರುವುದಿಲ್ಲ, ಪದ್ಧತಿ ಬದಲಾಗಿದೆ. ತಂತ್ರಾಂಶಗಳು ಬರಿಯ ಪಾಸ್‌ವರ್ಡ್ ತೋರಿಸಿ ಒಳಬರುವುದನ್ನು ವೈಯಕ್ತಿಕ ಖಾತೆಗಳಲ್ಲಿ ಗೂಗಲ್ ಸಂಸ್ಥೆಯು 2022ರ ಮೇ ತಿಂಗಳ ಕೊನೆಗೆ ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವೈಯಕ್ತಿಕ ಅಂಚೆ ಖಾತೆಗಳಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಹಾಗೆಯೇ ಮಾಡಿತು. ಈಗಿನ ಪದ್ಧತಿಗೆ ಓಆತ್ ಎಂದು ಹೆಸರು. ಇದರಲ್ಲಿ ಪಾಸ್‌ವರ್ಡ್ ತಂತ್ರಾಂಶದ ಕೈಸೇರುವುದಿಲ್ಲ. ಸಂಸ್ಥೆಯೇ ಒಂದು ಅನುಮತಿ ಚೀಟಿಯನ್ನು ತಂತ್ರಾಂಶಕ್ಕೆ ಕೊಡುತ್ತದೆ. ಬೇಡವಾದಾಗ ಆ ಚೀಟಿಯನ್ನಷ್ಟೇ ರದ್ದುಮಾಡಬಹುದು. ಆದ್ದರಿಂದ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ದೃಢೀಕರಣದ ವಿಧಾನವೆಂಬಲ್ಲಿ ಓಆತ್2 ಎಂಬುದನ್ನು ಆರಿಸಿದರೆ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಓಆತ್ ತಿಳಿಯದ ಹಳೆಯ ತಂತ್ರಾಂಶವನ್ನು ಬಳಸುವವರಿಗೆ ಜಿಮೇಲ್ ಮತ್ತು ಯಾಹೂ ಸೇವೆಗಳು ಆ್ಯಪ್ ಪಾಸ್‌ವರ್ಡ್ ಎಂಬ ಬೇರೊಂದು ಗುಪ್ತಪದವನ್ನು ಒದಗಿಸುತ್ತವೆ. ಗೂಗಲ್ ಖಾತೆಯಲ್ಲಿ ಇದಕ್ಕೆ ಎರಡು ಹಂತದ ಪರಿಶೀಲನೆ ಚಾಲ್ತಿಯಲ್ಲಿರಬೇಕು. ಆಗ ದೊರೆಯುವುದು 16 ಅಕ್ಷರಗಳ ಪದ. ಇದು ಮನೆಯ ಹಿಂಬಾಗಿಲಿನ ಬೀಗದ ಕೈಯಿದ್ದಂತೆ. ಯಾರಿಗೂ ಕೊಡಬಾರದು.

ಪ್ರತಿ ನಿಜವಾಗಿಯೂ ಮನೆಯಲ್ಲಿ ಉಳಿಯುವಂತೆ ಮಾಡುವುದು

ಈ ಪಾಠದಲ್ಲಿ ಅತಿ ಮುಖ್ಯವಾದುದು ಈ ಭಾಗ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ರೊನೈಸೇಶನ್ ಮತ್ತು ಸ್ಟೋರೇಜ್ ಎಂಬ ಶೀರ್ಷಿಕೆಯಿದೆ. ಅಲ್ಲಿ ಈ ಖಾತೆಯ ಪತ್ರಗಳನ್ನು ಈ ಗಣಕಯಂತ್ರದಲ್ಲಿ ಇಡಬೇಕೆಂಬ ಸಾಲಿನ ಮುಂದೆ ಗುರುತು ಇರಬೇಕು. ಪತ್ರಗಳು ಎಷ್ಟು ಹಳೆಯವಾದರೂ ಎಲ್ಲವನ್ನೂ ಇಳಿಸುವ ಆಯ್ಕೆಯನ್ನು ಆರಿಸಿರಬೇಕು. ಇಲ್ಲವಾದರೆ ಕೆಲವು ಪತ್ರಗಳ ತಲೆಬರಹ ಮಾತ್ರ ಮನೆಯಲ್ಲಿದ್ದು, ಒಡಲು ಸರ್ವರ್‌ನಲ್ಲಿಯೇ ಉಳಿದಿರಬಹುದು.

ಪಾಪ್ ಬಳಸುವವರು ಪತ್ರಗಳನ್ನು ಸರ್ವರ್‌ನಲ್ಲಿಯೇ ಬಿಡಬೇಕೆಂಬ ಆಯ್ಕೆಗೆ ಗುರುತು ಹಾಕಿ, ಇಷ್ಟೇ ದಿನ ಬಿಡಬೇಕೆಂಬ ಮಿತಿಯ ಗುರುತನ್ನು ತೆಗೆಯಬೇಕು. ಜಿಮೇಲ್‌ನಲ್ಲಿ ಜಾಲತಾಣದ ಸೆಟ್ಟಿಂಗ್ಸ್ ಪುಟದಲ್ಲಿಯೂ ಮೂಲ ಪ್ರತಿಯನ್ನು ಉಳಿಸಿಕೊಳ್ಳುವ ಆಯ್ಕೆಯನ್ನೇ ಆರಿಸಬೇಕು.

ಈ ಎಚ್ಚರಿಕೆಯ ಬೆಲೆಯನ್ನು ಈ ಪಂಕ್ತಿಗಳ ಲೇಖಕನು ಸ್ವತಃ ತೆತ್ತಿದ್ದಾನೆ. ಉದ್ಯೋಗನಿಮಿತ್ತ ಕೋಲ್ಕತ್ತಕ್ಕೆ ಬಂದ ಮೊದಲ ವರ್ಷಗಳಲ್ಲಿ ಪಾಪ್ ಮೂಲಕ ಅಂಚೆ ಇಳಿಸಿಕೊಳ್ಳುವಾಗ, ಸರ್ವರ್‌ನಲ್ಲಿ ಪ್ರತಿ ಬಿಡುವ ಗುರುತನ್ನು ಹಾಕಿರಲಿಲ್ಲ. ಊರಿನಲ್ಲಿದ್ದ ತಂದೆಯವರು ಎಪ್ಪತ್ತು ದಾಟಿದ ಮೇಲೆ ಕನ್ನಡ ಕೀಲಿಮಣೆ ಕಲಿತು, ಮಳೆ ಬೆಳೆಯ ಸುದ್ದಿ, ನೆಂಟರ ಮದುವೆ ಮುಂಜಿಗಳ ಸುದ್ದಿ ಬರೆದು ಕಳುಹಿಸುತ್ತಿದ್ದರು. ಒಂದು ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಿತು. ಪತ್ರಗಳು ಸರ್ವರ್‌ನಲ್ಲಿಯೂ ಇರಲಿಲ್ಲ, ಮನೆಯಲ್ಲಿಯೂ ಉಳಿಯಲಿಲ್ಲ. ಅವರ ಖಾತೆಯ ‘ಕಳುಹಿಸಿದವು’ ಎಂಬ ಕೋಶದಲ್ಲಿ ಅವರು ಅಳಿಸದೆ ಬಿಟ್ಟಿದ್ದ ಕೆಲವು ಮಾತ್ರ ಮರಳಿ ದೊರೆತವು. ತಂದೆಯವರು ಈಗಿಲ್ಲ; ಆ ಕೆಲವು ಪತ್ರಗಳಿವೆ. ತಪ್ಪು ಯಂತ್ರದ್ದಲ್ಲ, ಇದ್ದುದೊಂದೇ ಪ್ರತಿಯನ್ನು ಒಂದೇ ಕಡೆ ಇಟ್ಟವನದು.

ಐಮ್ಯಾಪ್ ಬಳಸುವವರಿಗೂ ಒಂದು ಅಪಾಯವಿದೆ. ಉಚಿತ ಸ್ಥಳ ತುಂಬಿದಾಗ ಹೊಸ ಪತ್ರಗಳು ಬರುವುದು ನಿಲ್ಲುತ್ತದೆ. ಆಗ ಮನೆಯಲ್ಲಿ ಪ್ರತಿ ಇದೆಯಲ್ಲಾ ಎಂಬ ಧೈರ್ಯದಿಂದ ಜಾಲತಾಣದಲ್ಲಿ ಹಳೆಯ ಪತ್ರಗಳನ್ನು ಅಳಿಸಿದರೆ, ಮುಂದಿನ ಸಂಪರ್ಕದಲ್ಲಿ ಮನೆಯ ಪ್ರತಿಯೂ ಅಳಿಯುತ್ತದೆ. ಇದನ್ನು ತಪ್ಪಿಸಲು ಥಂಡರ್‌ಬರ್ಡ್‌ನ ಎಡಬದಿಯ ಪಟ್ಟಿಯಲ್ಲಿ ಲೋಕಲ್ ಫೋಲ್ಡರ್ಸ್ ಎಂಬ ಕೋಶವನ್ನು ಬಳಸಬೇಕು. ಅದರೊಳಗೆ ವರ್ಷವಾರು ಕೋಶಗಳನ್ನು ಮಾಡಿ, ಉಳಿಸಬೇಕಾದ ಪತ್ರಗಳನ್ನು ಆರಿಸಿ, ಅಲ್ಲಿಗೆ ಪ್ರತಿ ಮಾಡಿರಿ. ಅಲ್ಲಿರುವ ಪತ್ರಗಳಿಗೆ ಸರ್ವರಿನೊಡನೆ ಯಾವ ನಂಟೂ ಇಲ್ಲ.

ಕೊನೆಯದಾಗಿ, ಗಣಕಯಂತ್ರವೂ ಕೆಡುವ ವಸ್ತು. ತಿಂಗಳಿಗೊಮ್ಮೆ ಥಂಡರ್‌ಬರ್ಡ್ ಮುಚ್ಚಿ, ಅದರ ಪ್ರೊಫೈಲ್ ಕೋಶವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿರಿ. ತಂತ್ರಾಂಶದ ಸಹಾಯ ಪಟ್ಟಿಯಲ್ಲಿರುವ ಟ್ರಬಲ್‌ಶೂಟಿಂಗ್ ಪುಟದಲ್ಲಿ ಆ ಕೋಶ ಎಲ್ಲಿದೆಯೆಂದು ತಿಳಿಯುತ್ತದೆ. ಡಿಸ್ಕನ್ನು ಯಂತ್ರಕ್ಕೆ ಸದಾ ಜೋಡಿಸಿಡದೆ ಬೇರೆ ಕಪಾಟಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡುವುದು ಲೇಸು. ಈ ಪ್ರತಿಗೆ ತಾನಾಗಿ ಬೀಗವಿರುವುದಿಲ್ಲ; ಅದು ಕೈಗೆ ಸಿಕ್ಕಿದ ಯಾರಾದರೂ ಪತ್ರಗಳನ್ನು ಓದಬಲ್ಲರು ಎಂಬುದೂ ನೆನಪಿನಲ್ಲಿರಲಿ.

ಕನ್ನಡ ಪತ್ರಗಳ ವಿಚಾರ

ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿ ಸರ್ವತ್ರ ಬಳಕೆಗೆ ಬರುವ ಮುನ್ನ ಕನ್ನಡ ಪತ್ರಗಳನ್ನು ಬರಹ, ನುಡಿ ಮೊದಲಾದ ತಂತ್ರಾಂಶಗಳ ವಿಶಿಷ್ಟ ಅಕ್ಷರಶೈಲಿಗಳಲ್ಲಿ ಬರೆಯಲಾಗುತ್ತಿತ್ತು. ಅಂತಹ ಹಳೆಯ ಪತ್ರಗಳು ಇಂದು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಬಹುದು. ಅವು ಕೆಟ್ಟಿವೆಯೆಂದು ಅಳಿಸಬಾರದು. ಆ ಕಾಲದ ಅಕ್ಷರಶೈಲಿಯನ್ನು ಸ್ಥಾಪಿಸಿಕೊಂಡರೆ ಅಥವಾ ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಯನ್ನು ಬಳಸಿದರೆ ಅವುಗಳನ್ನು ಮರಳಿ ಓದಬಹುದು. ಥಂಡರ್‌ಬರ್ಡ್ ಹೊಸ ಪತ್ರಗಳನ್ನು ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿಯೇ ಕಳುಹಿಸುವುದರಿಂದ ಕೋಲ್ಕತ್ತದಲ್ಲಿ ಬರೆದ ಕನ್ನಡ ಕಾಸರಗೋಡಿನಲ್ಲಿಯೂ ಕಲಬುರಗಿಯಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ.

ಪರೀಕ್ಷೆ ಮತ್ತು ಸುರಕ್ಷತೆ

ಜೋಡಣೆ ಮುಗಿದ ಮೇಲೆ ಮೂರು ಪರೀಕ್ಷೆಗಳನ್ನು ಮಾಡಿರಿ. ಮೊದಲು, ನಿಮಗೆ ನೀವೇ ಒಂದು ಕನ್ನಡ ಪತ್ರವನ್ನು ಕಳುಹಿಸಿ, ಅದು ಬರುವುದೇ ಎಂದು ನೋಡಿರಿ. ಎರಡನೆಯದಾಗಿ, ಅದೇ ಪತ್ರ ಬ್ರೌಸರ್‌ನಲ್ಲಿಯೂ ಕಾಣುವುದೇ ಎಂದು ಪರಿಶೀಲಿಸಿರಿ. ಮೂರನೆಯದಾಗಿ, ಅಂತರಜಾಲ ಸಂಪರ್ಕವನ್ನು ಕಡಿದು, ಐದಾರು ವರ್ಷ ಹಳೆಯದಾದ ಒಂದು ಪತ್ರವನ್ನೂ ಅದರ ಲಗತ್ತನ್ನೂ ತೆರೆಯಿರಿ. ತೆರೆದರೆ ಪ್ರತಿ ಮನೆಗೆ ಬಂದಿದೆ. ತೆರೆಯದಿದ್ದರೆ ಇನ್ನೂ ಬಂದಿಲ್ಲ. ಈ ಮೂರನೆಯ ಪರೀಕ್ಷೆಯನ್ನು ಯಾರೂ ಬಿಡಬಾರದು.

ಜೋಡಣೆಗೆ ನೆರವಾಗುತ್ತೇವೆಂದು ದೂರವಾಣಿ ಮಾಡಿ ಪಾಸ್‌ವರ್ಡನ್ನೋ ಒಟಿಪಿಯನ್ನೋ ಕೇಳುವವರನ್ನು ನಂಬಬೇಡಿರಿ. ವಂಚನೆಯಿಂದ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡತಕ್ಕದ್ದು. ತಂತ್ರಾಂಶದಲ್ಲಿಯೇ ಅಂಚೆ ಓದುವ ರೂಢಿಯಾದ ಮೇಲೂ ಆಗಾಗ ಬ್ರೌಸರ್ ಮೂಲಕ ಖಾತೆಯನ್ನು ತೆರೆದು, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಸರಿಯಾಗಿದೆಯೇ ಎಂದು ನೋಡುವುದು ಒಳಿತು. ಹಳೆಯ ಗಣಕಯಂತ್ರವನ್ನು ಮಾರುವ ಮುನ್ನ ಪತ್ರಗಳನ್ನು ಅದರಿಂದ ತೆಗೆದು, ತಂತ್ರಾಂಶಕ್ಕೆ ನೀಡಿದ್ದ ಅನುಮತಿಯನ್ನು ರದ್ದುಮಾಡಬೇಕು.

ಸಾರಾಂಶ

ಜಾಲತಾಣದ ಖಾತೆಯನ್ನು ಮನೆಯ ತಂತ್ರಾಂಶಕ್ಕೆ ಜೋಡಿಸಲು ತಗಲುವ ಕಾಲ ಹತ್ತು ನಿಮಿಷ. ಐಮ್ಯಾಪ್ ಆರಿಸುವುದು, ಎಲ್ಲ ಪತ್ರಗಳನ್ನೂ ಇಳಿಸುವುದು, ಬೇಕಾದವನ್ನು ಲೋಕಲ್ ಫೋಲ್ಡರ್ಸ್‌ಗೆ ಸೇರಿಸುವುದು, ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ಮಾಡುವುದು, ಸಂಪರ್ಕ ಕಡಿದು ಪರೀಕ್ಷಿಸುವುದು: ಇವಿಷ್ಟೇ ಮಾಡಬೇಕಾದ ಕೆಲಸ. ಕನ್ನಡ ಪುಸ್ತಕವೊಂದಕ್ಕೆ ಬೆಲ್ವೆಡೇರ್‌ನ ಕಪಾಟಿನಲ್ಲಿ ದೊರೆಯುವ ಆಶ್ರಯವನ್ನು ಮನೆಯವರ ಪತ್ರಗಳಿಗೆ ನಾವೇ ಒದಗಿಸಬೇಕು. ಅದಕ್ಕೆ ಯಾವ ಅಧಿನಿಯಮವೂ ಇಲ್ಲ. ಮುಂದಿನ ಬಿಡುವಿನ ದಿನ ಈ ಕೆಲಸವನ್ನು ಕೈಗೊಂಡರೆ ಸಾಕು.